ಕೊತ್ತಂಬರಿ ಸೊಪ್ಪಿನ ಲೆಕ್ಕ

ಮೊನ್ನೆ ಸಾರು ಕುದಿಯುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ಇರಲಿಲ್ಲ. "ರೀ, ಕೆಳಗೆ ಸೊಪ್ಪಿನವಳು ಬಂದಿದಾಳೆ, ಒಂದು ಕಟ್ಟು ತನ್ನಿ" ಅಂದಳು ಇವಳು. ಮೂರು ಮಹಡಿ ಇಳಿದು ಹತ್ತುವ ಕಾಲವೇ ಇದು? ಮೊಬೈಲ್ ತೆಗೆದೆ. ಕಟ್ಟಿಗೆ 12 ರೂಪಾಯಿ, ಮನೆಗೆ ತಲುಪಿಸಲು 30! ಮೈ ಉರಿಯಿತು. ಎಷ್ಟಾದರೂ ಮೇಷ್ಟ್ರ ಮಗ. 199 ದಾಟಿದರೆ ತಲುಪಿಸುವುದು ಪುಕ್ಕಟೆ ಅಂತ ಇತ್ತು. 165ರ ಆಲಿವ್ ಕಾಯಿ ಡಬ್ಬಿ ಸೇರಿಸಿದೆ. ಇನ್ನೂ 22 ಸಾಲದು. 149ರ ಮಲ್ಲಿಗೆ ವಾಸನೆಯ ಮೇಣದಬತ್ತಿ ಹಾಕಿದೆ. ಒಟ್ಟು 326. ಮೂವತ್ತು ಉಳಿಯಿತಲ್ಲ!

ಅಪ್ಪ ತಿಪಟೂರಿನಲ್ಲಿ ಸಂಬಳದ ದಿನ ಲೆಕ್ಕದ ಪುಸ್ತಕ ಬಿಚ್ಚಿ ಹಾಲು, ದಿನಸಿ, ಸೀಮೆಎಣ್ಣೆ, ಚೀಟಿ ಎಂದು ಬರೆಯುತ್ತಿದ್ದರು. ಸ್ಕೂಟರಿಗೆ ದುಡ್ಡು ಕಟ್ಟಿದಾಗ ನಾನು ತೊಟ್ಟಿಲಲ್ಲಿದ್ದೆ. ಅದು ಬಂದಾಗ ಅದರ ಮುಂದೆ ನಿಂತುಕೊಂಡು ಸ್ಕೂಲಿಗೆ ಹೋದೆ. ಕಾರ್ಖಾನೆ ಎಷ್ಟು ಸ್ಕೂಟರ್ ಮಾಡಬೇಕೆಂಬುದೂ ಸರ್ಕಾರದ ಲೈಸೆನ್ಸಿನಲ್ಲಿರುತ್ತಿದ್ದ ಕಾಲ. ಕಾಯುವುದರಲ್ಲೇ ಅರ್ಧ ಆಸೆ ಸಾಯುತ್ತಿತ್ತು. ನಮ್ಮ ಮನೆಯ ಉಳಿತಾಯವೆಂದರೆ ಅದೇ. 1991ರ ಜುಲೈ 24ರಂದು ಹೊಸ ಕೈಗಾರಿಕಾ ನೀತಿಯೂ ಮನಮೋಹನ್ ಸಿಂಗರ ಬಜೆಟ್ಟೂ ಒಂದೇ ದಿನ ಬಂದವು. ಆಮೇಲೆ ಕಾಯುವ ಅಭ್ಯಾಸವೇ ತಪ್ಪಿತು. ಈಗ ಹತ್ತು ನಿಮಿಷಕ್ಕೆ ಸಾಮಾನು ಬಾಗಿಲಲ್ಲಿ. ಅಷ್ಟರೊಳಗೆ ಯಾವ ಆಸೆ ಸತ್ತೀತು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದರು ಅಪ್ಪ. ಹನ್ನೆರಡು ಕಂತಿನಲ್ಲಿ ಹಾಸಿಗೆಯನ್ನೇ ದೊಡ್ಡದು ತಂದೆ. ಕಾಲು ಧಾರಾಳವಾಗಿ ಚಾಚಬಹುದು, ಬೀರುವಿನ ಬಾಗಿಲು ಮಾತ್ರ ಗೇಣುದ್ದಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಇಸ್ತ್ರಿ ಅಂಗಿಯನ್ನು ಕೈ ತೂರಿಸಿ ಎಳೆಯುತ್ತೇನೆ, ಮುದುರಿಕೊಂಡೇ ಬರುತ್ತದೆ.

ಇರಲಿ, ಸೊಪ್ಪಿನ ವಿಷಯಕ್ಕೆ ಬರೋಣ. ಹುಡುಗ ಚೀಲ ಕೊಟ್ಟು ಓಡಿದ. ಒಳಗೆ ಆಲಿವ್, ಮೇಣದಬತ್ತಿ. ಕೊತ್ತಂಬರಿ ಖಾಲಿಯಾಗಿದೆ, 12 ರೂಪಾಯಿ ವಾಪಸ್ ಹಾಕಿದ್ದೇವೆ ಎಂದು ಮೆಸೇಜ್ ಬಂತು. ಇವಳು ಮಾತಾಡಲಿಲ್ಲ, ಒಲೆ ಆರಿಸಿದಳು.

ಮೂರು ಮಹಡಿ ಇಳಿದೆ. "ಕಟ್ಟು ಹದಿನೈದು ಸಾರ್." "ಏನಮ್ಮ ಅನ್ಯಾಯ! ಹತ್ತಕ್ಕೆ ಕೊಡು." ಐದು ನಿಮಿಷ ಚೌಕಾಸಿ ಮಾಡಿ ಹನ್ನೆರಡಕ್ಕೆ ಇಳಿಸಿದೆ. "ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡ್ಬಿಡಿ" ಎಂದು ತಕ್ಕಡಿ ಪಕ್ಕದ ರಟ್ಟು ತೋರಿಸಿ, ಮೇಲೊಂದು ಹಿಡಿ ಕರಿಬೇವನ್ನು ಸುಮ್ಮನೆ ಹಾಕಿದಳು.

ಆಲಿವ್ ಡಬ್ಬಿ ಇನ್ನೂ ಒಡೆದಿಲ್ಲ. ಬೇಕಾದವರು ಬಂದು ಒಯ್ಯಬಹುದು. ಮಹಡಿ ಮಾತ್ರ ನೀವೇ ಹತ್ತಬೇಕು.