ಪರದೇಶಿ ಕಂಪನಿಯ ತೆರಿಗೆಯನ್ನು ತಡಸದಲ್ಲಿ ಕೂತು ಕಟ್ಟುವ ಕ್ರಮ

ಮೊದಲು ಒಂದು ಅಂಗಡಿ ಇಟ್ಟುಕೊಳ್ಳಿ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮಾರುವ ಅಂಗಡಿಯಾದರೆ ಉತ್ತಮ, ತಡಸ ಕ್ರಾಸಿನಲ್ಲಿ ಹೆದ್ದಾರಿಗೆ ಮುಖ ಮಾಡಿದ್ದರೆ ಇನ್ನೂ ಉತ್ತಮ. ಹುಬ್ಬಳ್ಳಿಯಿಂದ ಬರುವವರು, ಮುಂಡಗೋಡದ ಕಡೆ ತಿರುಗುವವರು ಎಲ್ಲರೂ ನಿಮ್ಮ ಬೋರ್ಡು ನೋಡಿಕೊಂಡೇ ಹೋಗುತ್ತಾರೆ. ಅಷ್ಟಕ್ಕೇ ಸಮಾಧಾನಪಡಬೇಡಿ. ಫೋನ್ ತೆಗೆಯಿರಿ, ಪುಡಿಯ ಪೊಟ್ಟಣಕ್ಕೆ ಚಂದದ ಚಿತ್ರ ಮಾಡಿಕೊಡುವ ಹೊರದೇಶದ ಆ್ಯಪ್ ಒಂದನ್ನು ಹುಡುಕಿ, ತಿಂಗಳ ಚಂದಾ ಕಟ್ಟಿ. ಈ ಸರಕು ಲಾರಿಯಲ್ಲಿ ಬಂದಿದ್ದರೆ ಬಂಕಾಪುರ ಟೋಲಿನಲ್ಲಾದರೂ ಒಂದು ಗಳಿಗೆ ನಿಲ್ಲುತ್ತಿತ್ತು. ಇದು ಎಲ್ಲೂ ನಿಲ್ಲುವುದಿಲ್ಲ. ಗಡಿಯಲ್ಲಿ ಯಾರಾದರೂ ತಡೆದಾರೆಂಬ ಆಸೆಯನ್ನೂ ಬಿಡಿ: ಹೀಗೆ ಇಂಟರ್ನೆಟ್ಟಿನಲ್ಲಿ ಹರಿದು ಬರುವುದಕ್ಕೆ ಕಸ್ಟಮ್ಸ್ ಸುಂಕ ಹಾಕುವುದಿಲ್ಲವೆಂದು ವಿಶ್ವ ವ್ಯಾಪಾರ ಸಂಘಟನೆಯ ದೇಶಗಳು 1998ರಲ್ಲಿ ಮಾತು ಕೊಟ್ಟು, ಎರಡು ದಶಕಕ್ಕೂ ಹೆಚ್ಚು ಕಾಲ ಆ ಮಾತಿನ ಗಡುವನ್ನು ಮುಂದಕ್ಕೆ ಹಾಕುತ್ತಲೇ ಬಂದವು.

ಇನ್ನು ನೀವು ತಡಸದಲ್ಲೇ ಇದ್ದೀರೆಂದು ರುಜುವಾತು ಮಾಡಿ. ಹಿಂದಿನ ಸುಂಕದವನಿಗೆ ಈ ತೊಂದರೆ ಇರಲಿಲ್ಲ. ಎತ್ತಿನ ಮೇಲಿನ ಹೇರು ಕಣ್ಣಿಗೆ ಕಾಣುತ್ತಿತ್ತು, ಹೆಜ್ಜುಂಕವೋ ವಡ್ಡರಾವುಳವೋ ನಿಂತಲ್ಲೇ ವಸೂಲಾಗುತ್ತಿತ್ತು. ಇಂದಿನ ಐಜಿಎಸ್‌ಟಿ ಕಾಯ್ದೆ ಹೇರನ್ನು ಬಿಟ್ಟು ಗಿರಾಕಿಯನ್ನು ಹುಡುಕುತ್ತದೆ. ನೀವು ಕೊಟ್ಟ ವಿಳಾಸ, ಬಿಲ್ಲಿನ ವಿಳಾಸ, ಕಾರ್ಡು, ಬ್ಯಾಂಕು, ಐಪಿ ವಿಳಾಸ, ಸಿಮ್ಮಿನ ದೇಶದ ಕೋಡು, ಮನೆಯ ಲ್ಯಾಂಡ್‌ಲೈನು, ಹೀಗೆ ಏಳು ಗುರುತು. ಒಂದಕ್ಕೊಂದು ತಕರಾರಿಲ್ಲದ ಎರಡು ಸಿಕ್ಕರೆ ಸಾಕು, ನೀವು ಭಾರತದಲ್ಲಿದ್ದೀರಿ, ಶೇ 18 ಜಿಎಸ್‌ಟಿ ನಿಮ್ಮ ಮೇಲಿದೆ.

ತಪ್ಪಿಸಿಕೊಳ್ಳುವ ಹುಮ್ಮಸ್ಸು ಬಂದರೆ ತಡೆಯಬೇಡಿ. ವಿಪಿಎನ್ ಹಾಕಿ, ಬುಡಾಪೆಸ್ಟಿನಲ್ಲೊಂದು ವಿಳಾಸ ಬರೆಯಿರಿ. ಯುರೋಪಿನ ಒಕ್ಕೂಟ ಹೊರಗಿನ ಮಾರಾಟಗಾರರಿಂದ ಈ ತೆರಿಗೆಯನ್ನು 2003ರಿಂದಲೇ ವಸೂಲು ಮಾಡುತ್ತಿದೆ, ಹಂಗೇರಿಯ ವ್ಯಾಟ್ ಶೇ 27. ಹದಿನೆಂಟನ್ನು ಉಳಿಸಲು ಇಪ್ಪತ್ತೇಳು ಕೊಟ್ಟ ತೃಪ್ತಿ ನಿಮ್ಮದಾಗಲಿ.

ಈಗ ಮುಖ್ಯ ಹಂತ. ಅವಸರ ಮಾಡದೆ ಓದಿ. ಹಣ ಕಟ್ಟುವ ಪುಟದಲ್ಲಿ ‘ಜಿಎಸ್‌ಟಿ ನಂಬರ್ ಇದೆಯೇ’ ಎಂಬ ಖಾನೆ ಬರುತ್ತದೆ. ಅದನ್ನು ತುಂಬಬೇಕೋ ಬೇಡವೋ ಎಂದು ನಿಮ್ಮ ಸಿಎ ಅವರನ್ನು ಕೇಳಬೇಡಿ, ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗನನ್ನು ಕೇಳಿ. “ಸಾವುಕಾರ್ರ, ನಂಬರ್ ಹಾಕಿಬಿಡ್ರಿ, ಟ್ಯಾಕ್ಸ್ ಬೀಳಂಗಿಲ್ರೀ” ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ನಂಬರು ಹಾಕಿದ ಕ್ಷಣವೇ ಬಿಲ್ಲಿನಿಂದ ಶೇ 18 ಮಾಯವಾಗುತ್ತದೆ. ಸಂತೋಷಪಡಿ, ಚಹಾ ಹೇಳಿ, ಅವನಿಗೂ ಒಂದು ಕೊಡಿಸಿ.

ಮಾಯವಾದ ಆ ಹದಿನೆಂಟು ನೇರವಾಗಿ ನಿಮ್ಮ ತಲೆಯ ಮೇಲೆ ಬಂದು ಕೂತಿರುತ್ತದೆ. ಇದಕ್ಕೆ ರಿವರ್ಸ್ ಚಾರ್ಜ್ ಅನ್ನುತ್ತಾರೆ. ನಂಬರು ಇಲ್ಲದ ಗಿರಾಕಿಗೆ ಮಾರಿದರೆ ಕಂಪನಿಯೇ ಭಾರತದಲ್ಲಿ ನೋಂದಣಿ ಮಾಡಿಸಿ, ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿಆರ್-5ಎ ಸಲ್ಲಿಸಿ ತೆರಿಗೆ ಕಟ್ಟಬೇಕು. ನಂಬರು ಇರುವವರಿಗೆ ಮಾರಿದರೆ ಕಂಪನಿಗೆ ಆ ರಗಳೆ ಇಲ್ಲ, ರಗಳೆ ನಿಮ್ಮದು. ಕಂಪೋಸಿಷನ್ನಿನಲ್ಲಿ, ಅಂದರೆ ರಾಜಿ ತೆರಿಗೆಯಲ್ಲಿ ಇದ್ದರಂತೂ ನಿಮ್ಮಷ್ಟು ಯೋಗ್ಯರು ಬೇರೆ ಇಲ್ಲ. ನಿಮ್ಮ ಪುಡಿಯ ವಹಿವಾಟಿಗೆ ಶೇ 1, ಆ್ಯಪಿಗೆ ಮಾತ್ರ ಪೂರ್ತಿ ಶೇ 18, ಅದೂ ನಗದು ಖಾತೆಯಿಂದ. ದೊಡ್ಡ ಕಂಪನಿಯವರು ಕಟ್ಟಿದ್ದನ್ನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಹಿಡಿದುಕೊಳ್ಳುತ್ತಾರೆ. ನಿಮಗೆ ಅದು ಇಲ್ಲ, ಹುಡುಕಬೇಡಿ.

ಇನ್ನು ಬಿಲ್ಲು ಬರೆಯಿರಿ. ಯಾರಿಗೆ? ನಿಮಗೆ. ಖರೀದಿಸಿದವರೂ ನೀವೇ, ಬಿಲ್ಲು ಬರೆಯುವವರೂ ನೀವೇ. ಇದಕ್ಕೆ ಸೆಲ್ಫ್ ಇನ್‌ವಾಯ್ಸ್ ಅನ್ನುತ್ತಾರೆ. ದರಕ್ಕೆ ನಿಮ್ಮೊಡನೆ ನೀವೇ ಚೌಕಾಸಿ ಮಾಡಲು ಅವಕಾಶವಿಲ್ಲ. ಇದೆಲ್ಲವನ್ನು ಮರೆಯುವುದು ಅತ್ಯಗತ್ಯ, ಏಕೆಂದರೆ ಮರೆತರೆ ವರ್ಷಕ್ಕೆ ಬಡ್ಡಿಯೂ ಶೇ 18. ಒಂದೇ ಅಂಕಿ ನೆನಪಿಟ್ಟುಕೊಂಡರೆ ಸಾಕು ಎಂಬುದು ಈ ವ್ಯವಸ್ಥೆಯ ದೊಡ್ಡ ಅನುಕೂಲ. ದರಗಳನ್ನು ಸರಳ ಮಾಡಲೆಂದು ಜಿಎಸ್‌ಟಿ ಮಂಡಳಿ 2021ರಲ್ಲಿ ರಚಿಸಿದ ಸಚಿವರ ಗುಂಪಿಗೆ ಸಂಚಾಲಕರಾಗಿದ್ದವರು ನಿಮ್ಮ ಶಿಗ್ಗಾವಿಯ ಶಾಸಕರೇ ಆಗಿದ್ದ ಬಸವರಾಜ ಬೊಮ್ಮಾಯಿ. 2025ರ ಸೆಪ್ಟೆಂಬರಿನಲ್ಲಿ ಹನ್ನೆರಡೂ ಹೋಯಿತು, ಇಪ್ಪತ್ತೆಂಟೂ ಬಹುಪಾಲು ಹೋಯಿತು. ಹದಿನೆಂಟು ಗಟ್ಟಿಯಾಗಿ ನಿಂತಿದೆ. ಧೈರ್ಯವಾಗಿರಿ.

ಕೈ ಪಳಗಲು ಒಂದು ಹಳೆಯ ಲೆಕ್ಕ ಬಿಡಿಸಿ. 2016ರ ಜೂನ್ 1ರಿಂದ ಈಕ್ವಲೈಸೇಷನ್ ಲೆವಿ ಎಂಬುದಿತ್ತು, ಪತ್ರಿಕೆಗಳ ಬಾಯಲ್ಲಿ ಗೂಗಲ್ ಟ್ಯಾಕ್ಸ್. ಇಲ್ಲಿ ಕಚೇರಿ ಇಲ್ಲದ ಹೊರದೇಶದ ಕಂಪನಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ ಮೀರಿ ಆನ್‌ಲೈನ್ ಜಾಹೀರಾತಿನ ಹಣ ಕೊಟ್ಟರೆ, ಅದರಲ್ಲಿ ಶೇ 6 ಹಿಡಿದು ಸರ್ಕಾರಕ್ಕೆ ಕಟ್ಟಬೇಕಿತ್ತು. ಹಿಡಿಯಬೇಕಾದವರು ಜಾಹೀರಾತು ಕೊಟ್ಟ ಅಂಗಡಿಯವರು. 2 ಲಕ್ಷದ ಜಾಹೀರಾತು ಎಂದುಕೊಳ್ಳಿ, 12,000 ಹಿಡಿಯಿರಿ. ಎಲ್ಲಿಂದ ಹಿಡಿಯುತ್ತೀರಿ? ಕಾರ್ಡಿನಿಂದ ಪೂರ್ತಿ 2 ಲಕ್ಷ ಆಗಲೇ ಹೋಗಿರುತ್ತದೆ. ಆದ್ದರಿಂದ ನಿಮ್ಮ ಜೇಬಿನಿಂದ ಹಿಡಿದು, ಮುಂದಿನ ತಿಂಗಳ 7ರೊಳಗೆ ಕಟ್ಟಿಬಿಡಿ. ಕಟ್ಟದಿದ್ದರೆ ದಂಡವಷ್ಟೇ ಅಲ್ಲ, ಜಾಹೀರಾತಿನ ಖರ್ಚನ್ನು ಖರ್ಚೆಂದೇ ಒಪ್ಪದೆ ಅದನ್ನೂ ನಿಮ್ಮ ಲಾಭಕ್ಕೆ ಸೇರಿಸುತ್ತಿದ್ದರು. ದೈತ್ಯ ಕಂಪನಿಗಳ ಮೇಲಿನ ತೆರಿಗೆ ಎಂದು ದಿಲ್ಲಿಯಲ್ಲಿ ಭಾಷಣವಾದಾಗ ಚಪ್ಪಾಳೆ ತಟ್ಟಿ. ಚಲನ್ ಮಾತ್ರ ಎಡಗೈಯಲ್ಲಿ ಭದ್ರವಾಗಿರಲಿ.

ಅಂಗಡಿ ಸಾಕಾಗಿ ದೇಶವನ್ನೇ ನಡೆಸುವ ಮನಸ್ಸಾದರೆ ಅದಕ್ಕೂ ಕ್ರಮವಿದೆ. ಮೊದಲು ಧೈರ್ಯದಿಂದ ತೆರಿಗೆ ಹಾಕಿ. ಭಾರತ 2020ರ ಏಪ್ರಿಲ್‌ನಲ್ಲಿ ಹೊರದೇಶದ ಇ-ಕಾಮರ್ಸ್ ಕಂಪನಿಗಳಿಗೆ ಇನ್ನೊಂದು ಶೇ 2 ಹಾಕಿದಂತೆ. ಬಳಿಕ ಅಮೆರಿಕ ಕಣ್ಣು ಕೆಂಪು ಮಾಡುವವರೆಗೆ ಕಾಯಿರಿ. 2021ರಲ್ಲಿ ಅದು ನಮ್ಮ ಸಿಗಡಿ, ಬಾಸುಮತಿ, ಚಿನ್ನದ ಒಡವೆಗಳಿಗೆ ಶೇ 25 ಸುಂಕ ಘೋಷಿಸಿ, ಜಾರಿ ಮಾಡದೆ ತೂಗುಹಾಕಿತು. ಆಮೇಲೆ ನಿಧಾನಕ್ಕೆ ಹಿಂದೆ ಸರಿಯಿರಿ: ಶೇ 2 ಅನ್ನು 2024ರ ಆಗಸ್ಟ್‌ನಲ್ಲಿ, ಶೇ 6 ಅನ್ನು 2025ರ ಏಪ್ರಿಲ್‌ನಲ್ಲಿ ರದ್ದು ಮಾಡಿದ ಹಾಗೆ. ನಿಧಾನ ಬೇಡವೆನಿಸಿದರೆ ಕೆನಡಾವನ್ನು ಅನುಸರಿಸಿ. ಅಲ್ಲಿನ ಇಂಥದೇ ತೆರಿಗೆಯ ಮೊದಲ ಕಂತು 2025ರ ಜೂನ್ 30ಕ್ಕೆ ಬರಬೇಕಿತ್ತು, ಅವರು 29ರ ರಾತ್ರಿಯೇ ತೆರಿಗೆಯನ್ನು ಕೈಬಿಟ್ಟರು. ಬ್ರಿಟನ್ನಿನ ಹಾಗೆ ತೆರಿಗೆಯನ್ನು ಉಳಿಸಿಕೊಳ್ಳುವ ಹಟವಿದ್ದರೂ ಚಿಂತೆ ಬೇಡ. ಅಲ್ಲಿ ಶೇ 2 ಬಂದ ವರ್ಷವೇ ಅಮೆಜಾನ್ ತನ್ನ ವೇದಿಕೆಯಲ್ಲಿ ಮಾರುವವರ ಶುಲ್ಕವನ್ನು ಶೇ 2ರಷ್ಟು ಏರಿಸಿತು. ತಡಸದಂಥ ಊರುಗಳು ಆ ದೇಶದಲ್ಲೂ ಇವೆ.

ಕೊನೆಗೆ ದೂರು ಕೊಡಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಹಿರಿಯರು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರಿಗೆ ಇಮೇಲ್ ಇರಲಿಲ್ಲ. ನಿಮ್ಮ ಅದೃಷ್ಟಕ್ಕೆ ಕಚೇರಿ ದೂರವೂ ಇಲ್ಲ. ಭಾರತದ ಗಿರಾಕಿಗಳಿಗೆ ಹೀಗೆ ಮಾರುವ ಜಗತ್ತಿನ ಅಷ್ಟೂ ಕಂಪನಿಗಳ ನೋಂದಣಿಗೆ 2017ರಲ್ಲಿ ಗೊತ್ತುಮಾಡಿದ ಅಧಿಕಾರಿ ಬೆಂಗಳೂರು ಪಶ್ಚಿಮದ ಕೇಂದ್ರ ತೆರಿಗೆ ಪ್ರಧಾನ ಆಯುಕ್ತರು. ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಇಳಿಯಿರಿ. ಪರದೇಶಿ ಕಂಪನಿ ನಿಮಗೆ ತೆರಿಗೆ ಹಾಕದೆ ಮಾರಿದೆ ಎಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಪುರಾವೆಯಾಗಿ ನಿಮ್ಮ ಜಿಎಸ್‌ಟಿ ನಂಬರಿರುವ ಎಲ್ಲ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಲಗತ್ತಿಸಿ. ಬಡ್ಡಿ ಲೆಕ್ಕ ಹಾಕುವವರಿಗೆ ಸಲೀಸಾಗುತ್ತದೆ.