ನಾಲ್ಕು ತಾಲ್ಲೂಕು, ಒಂದು ಜಾಗ್ವಾರ್

ಇಂಗ್ಲೆಂಡಿನಲ್ಲಿ ಹಳೇ ಕಾರು ಕೊಂಡು ಓಡಿಸೋದಕ್ಕೆ ಲೈಸೆನ್ಸು, ವಿಮೆ, ಬ್ಯಾಂಕಿನಲ್ಲಿ ದುಡ್ಡು ಇಷ್ಟಿದ್ದರೆ ಸಾಕು ಅಂತ ಇಲ್ಲಿನ ಸರ್ಕಾರ ನಂಬಿಕೊಂಡಿದೆ. ಪಾಪ, ಅದಕ್ಕೆ ದಾವಣಗೆರೆ ಜಿಲ್ಲೆ ಗೊತ್ತಿಲ್ಲ. ರೆಡಿಂಗ್ ಊರಿನ ನಮ್ಮ ಮನೆಗೆ ಒಂದು ಕುಕ್ಕರ್ ಬರಬೇಕಾದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆಯಿಂದ ಮಂಜೂರಾತಿ ಆಗಬೇಕು. ಚನ್ನಗಿರಿ ನನ್ನ ತವರು, ಹೊನ್ನಾಳಿ ಗಂಡನ ಮನೆ. ನಮ್ಮ ಯಜಮಾನರ ಅಕ್ಕನನ್ನು ನ್ಯಾಮತಿಗೆ ಕೊಟ್ಟಿದೆ, ನನ್ನ ತಂಗಿಯನ್ನು ಜಗಳೂರಿಗೆ. 1997ರಲ್ಲಿ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಯನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ತೆಗೆದು ದಾವಣಗೆರೆ ಜಿಲ್ಲೆ ಮಾಡಿದ್ದು ಆಡಳಿತ ಜನರ ಹತ್ತಿರ ಬರಲಿ ಅಂತ. ಬೀಗರೂ ಇಷ್ಟು ಹತ್ತಿರ ಬಂದುಬಿಡುತ್ತಾರೆ ಅಂತ ಅವರಿಗೂ ಹೊಳೆದಿರಲಿಕ್ಕಿಲ್ಲ. ನ್ಯಾಮತಿ ಆಗ ಹೊನ್ನಾಳಿಯ ಒಳಗೇ ಇತ್ತು, ಪ್ರತ್ಯೇಕ ತಾಲ್ಲೂಕಾಗಿದ್ದು ಆಮೇಲೆ. ಅವತ್ತಿನಿಂದ ಹೊನ್ನಾಳಿ ಹೌದು ಅಂದದ್ದಕ್ಕೆಲ್ಲ ನ್ಯಾಮತಿ ಅಲ್ಲ ಅನ್ನಲೇಬೇಕು ಅನ್ನೋದು ನಮ್ಮ ಮನೆತನದ ಅಲಿಖಿತ ಕಾನೂನು.

ಇಂಥ ಸಂಸಾರದಲ್ಲಿ ನಮ್ಮ ಯಜಮಾನರಿಗೆ ಸೆಕೆಂಡ್ ಹ್ಯಾಂಡ್ ಜಾಗ್ವಾರ್ ಐ-ಪೇಸ್ ಮೇಲೆ ಮನಸ್ಸಾಯಿತು. ಎಲೆಕ್ಟ್ರಿಕ್ ಗಾಡಿ, ಎರಡು ಮೋಟರು, 90 ಯೂನಿಟ್ ಬ್ಯಾಟರಿ. 2018ರಲ್ಲಿ ಇಲ್ಲಿ ಬಿಡುಗಡೆಯಾದಾಗ ಅರವತ್ತು ಸಾವಿರ ಪೌಂಡ್ ದಾಟಿದ್ದ ಬೆಲೆ ಈಗ ಹದಿನೈದು ಸಾವಿರದ ಆಸುಪಾಸಿಗೆ ಬಂದಿದೆ. "ಇಷ್ಟು ಅಗ್ಗಕ್ಕೆ ಸಿಗುವಾಗ ಬಿಟ್ಟರೆ ದೇವರು ಮೆಚ್ಚಲ್ಲ" ಅಂದರು. ದೇವರ ಹೆಸರು ಅವರ ಬಾಯಲ್ಲಿ ಬರೋದು ವಾಹನದ ವಿಷಯದಲ್ಲಿ ಮಾತ್ರ.

ಭಾನುವಾರದ ವಿಡಿಯೊ ಕಾಲ್‌ಗೆ ವಿಷಯ ಬಂತು. ಪರದೆಯ ಮೇಲೆ ನಾಲ್ಕು ಚೌಕ, ಚೌಕಕ್ಕೊಂದು ತಾಲ್ಲೂಕು. ಜಾಗ್ವಾರ್ ಅಂದಾಗ ಯಾರ ಮುಖದಲ್ಲೂ ಬದಲಾವಣೆ ಇಲ್ಲ. ಆಗ ಯಜಮಾನರು ಬತ್ತಳಿಕೆಯ ದೊಡ್ಡ ಬಾಣ ತೆಗೆದರು. "ಮಾವಾರೇ, ಇದು ಟಾಟಾದವರ ಗಾಡಿ. 2008ರಲ್ಲೇ ಅವರು ಜಾಗ್ವಾರ್ ಕಂಪನೀನ ಫೋರ್ಡ್‌ನವರಿಂದ ಕೊಂಡುಕೊಂಡಿದ್ದಾರೆ."

ಚನ್ನಗಿರಿಯ ಚೌಕ ಬೆಳಗಿತು. ಅಪ್ಪಾಜಿ ತೋಟದ ಅಡಿಕೆಯನ್ನು ಬೆಳೆಗಾರರ ಸಹಕಾರ ಸಂಘ ತುಮ್‌ಕೋಸ್‌ಗೆ ಸಾಗಿಸೋದು ಟಾಟಾ ಏಸ್‌ನಲ್ಲೇ. "ಟಾಟಾನಾ? ಹಂಗಾದ್ರೆ ಭಾರ ಹೊರುತ್ತೆ ಬಿಡಿ. ಎಷ್ಟು ಕ್ವಿಂಟಾಲ್ ಹಾಕ್ಬಹುದು?"

"ಭಾರ ಹೊರೋದಿರಲಿ, ಗಾಡಿಯೇ 21 ಕ್ವಿಂಟಾಲ್ ದಾಟುತ್ತೆ ಅಪ್ಪಾಜಿ" ಅಂದೆ ನಾನು. ಬ್ಯಾಟರಿಯ ತೂಕದಿಂದಾಗಿ ಅದು 2.1 ಟನ್‌ಗೂ ಹೆಚ್ಚಿದೆ. ಖಾಲಿ ಗಾಡಿ ಅಷ್ಟು ತೂಗುತ್ತದೆ ಅನ್ನೋದು ಅಪ್ಪಾಜಿಗೆ ಯಾಕೋ ರುಚಿಸಲಿಲ್ಲ. ಆಮೇಲೆ ಬೆಲೆ ಕೇಳಿದರು. ಪೌಂಡಿಗೆ 120 ರೂಪಾಯಿ ಹಿಡಿದು, ರಾಶಿ ಅಡಿಕೆಗೆ ಕ್ವಿಂಟಾಲಿಗೆ 60 ಸಾವಿರ ಹಿಡಿದು, ಬಾಯಲ್ಲೇ ಲೆಕ್ಕ ಹಾಕಿ "30 ಕ್ವಿಂಟಾಲ್ ಅಡಿಕೆ" ಅಂದರು. ನಮ್ಮ ತವರಿನಲ್ಲಿ ಮದುವೆ ಖರ್ಚಿನಿಂದ ಹಿಡಿದು ಮಂಡಿ ನೋವಿನ ಆಪರೇಷನ್ ತನಕ ಎಲ್ಲಕ್ಕೂ ಅಡಿಕೆಯೇ ನಾಣ್ಯ.

"ಅಳಿಯಂದ್ರೇ, ಅರವತ್ತು ಸಾವಿರದ್ದು ಹದಿನೈದಕ್ಕೆ ಬಂದೈತೆ ಅಂತೀರಿ. ಬೆಲೆ ಬಿದ್ದಿದ್ದು ಮಾಲಿನ ದೋಷಕ್ಕೋ, ಮಾರುಕಟ್ಟೆ ದೋಷಕ್ಕೋ?"

ಯಜಮಾನರು ತಬ್ಬಿಬ್ಬಾದರು. ಮೊಬೈಲಿನಲ್ಲಿ ಅವರು ನೋಡಿದ್ದ ವಿಡಿಯೊಗಳಲ್ಲಿ ಸೀಟಿನ ಚರ್ಮ, ಗಾಜಿನ ಚಾವಣಿ, ನಾಲ್ಕೂವರೆ ಸೆಕೆಂಡಿನಲ್ಲಿ 60 ಮೈಲಿ ವೇಗ, ಎಲ್ಲ ಇತ್ತು. ಈ ಪ್ರಶ್ನೆ ಮಾತ್ರ ಇರಲಿಲ್ಲ. ಉತ್ತರ ಹುಡುಕಿದಾಗ ಸಿಕ್ಕಿದ್ದು ಇದು. ಇಲ್ಲಿ ಕಂಪನಿ ಕೊಡುವ ಕಾರಿನ ಮೇಲೆ ನೌಕರ ತೆರಿಗೆ ಕಟ್ಟಬೇಕು. ಹೊಗೆ ಹೆಚ್ಚು ಬಿಡುವ ಗಾಡಿಯಾದರೆ ಅದರ ಬೆಲೆಯ 37% ತನಕ ನೌಕರನ ಆದಾಯ ಅಂತ ಲೆಕ್ಕ ಹಿಡಿದು ತೆರಿಗೆ ಹಾಕುತ್ತಾರೆ. 2020-21ರಲ್ಲಿ ಎಲೆಕ್ಟ್ರಿಕ್ ಕಾರಿಗೆ ಆ ಪಾಲನ್ನು ಸೊನ್ನೆ ಮಾಡಿದರು, ಮುಂದಿನ ವರ್ಷ 1%, ಆಮೇಲೆ 2%. ದೊಡ್ಡ ಸಂಬಳದವರೆಲ್ಲ ಕಂಪನಿ ಲೆಕ್ಕದಲ್ಲಿ ದುಬಾರಿ ಎಲೆಕ್ಟ್ರಿಕ್ ಗಾಡಿ ಹತ್ತಿದರು. ಮೂರು ನಾಲ್ಕು ವರ್ಷದ ಲೀಸ್ ಮುಗಿದಾಗ ಅಷ್ಟೂ ಗಾಡಿ ಒಟ್ಟಿಗೆ ಹಳೇ ಗಾಡಿಗಳ ಸಂತೆಗೆ ಬಂದು ನಿಂತವು. ಅತ್ತ 2023ರ ಆರಂಭದಲ್ಲಿ ಟೆಸ್ಲಾ ತನ್ನ ಹೊಸ ಗಾಡಿಗಳ ಬೆಲೆಯನ್ನೇ ಇಳಿಸಿತು. ಹೊಸದರ ಬೆಲೆ ಬಿದ್ದ ಮೇಲೆ ಹಳೇದಕ್ಕೆ ಮರ್ಯಾದೆ ಎಲ್ಲಿ? ಸಾಲದ್ದಕ್ಕೆ 2024ರ ಕೊನೆಗೆ ಜಾಗ್ವಾರ್‌ನವರು ಹೊಸ ಅವತಾರಕ್ಕೆ ತಯಾರಾಗುತ್ತೇವೆಂದು ಇಂಗ್ಲೆಂಡಿನಲ್ಲಿ ಹೊಸ ಗಾಡಿ ಮಾರೋದನ್ನೇ ನಿಲ್ಲಿಸಿದರು.

"ಮಾರುಕಟ್ಟೆ ದೋಷ" ಅಂತ ಯಜಮಾನರು ಗೆದ್ದವರ ಹಾಗೆ ವರದಿ ಒಪ್ಪಿಸಿದರು.

"ಹಂಗಾದ್ರೆ ನಾಳೆ ನೀವು ಮಾರುವಾಗಲೂ ಅದೇ ಮಾರುಕಟ್ಟೆ ಅಲ್ವಾ?" ಅಂದರು ಅಪ್ಪಾಜಿ. ಚನ್ನಗಿರಿಯ ಮತ ತಟಸ್ಥ.

ಹೊನ್ನಾಳಿಯ ಚೌಕದಲ್ಲಿ ಅತ್ತೆಯವರಿಗೆ ಬೇರೆಯದೇ ಚಿಂತೆ. ಮಗ ಕಳಿಸಿದ್ದ ವಿಡಿಯೊದಲ್ಲಿ ಗಾಡಿ ಬಂತು, ಹೋಯಿತು, ಸದ್ದೇ ಇಲ್ಲ. "ಏ ತಮ್ಮಾ, ಸೌಂಡ್ ಕೆಟ್ಟೈತಾ?"

"ಇಲ್ಲವ್ವ, ಎಲೆಕ್ಟ್ರಿಕ್ ಗಾಡಿಗೆ ಸದ್ದು ಇರಲ್ಲ."

"ಅಷ್ಟು ರೊಕ್ಕ ಕೊಟ್ಟು ತಗಂಡ ಗಾಡಿ ಬಂದಿದ್ದು ಮಂದಿಗೆ ಗೊತ್ತಾಗೋದು ಬ್ಯಾಡೇನು?"

ನಗಬೇಡಿ. ಐಷಾರಾಮಿ ಗಾಡಿಯ ಅರ್ಥಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಲಾರರು. ಇಲ್ಲಿ ಕನ್ನಡ ಬಳಗದ ದೀಪಾವಳಿಗೆ ಹೋದಾಗ ಹಾಲ್‌ನ ಪಾರ್ಕಿಂಗಿನಲ್ಲಿ ನಡೆಯುವ ಅವಲೋಕನ ಒಳಗಿನ ನೃತ್ಯ ಕಾರ್ಯಕ್ರಮಕ್ಕಿಂತ ಸೂಕ್ಷ್ಮವಾಗಿರುತ್ತದೆ. ಸದ್ದಿಲ್ಲದೆ ಬಂದು ನಿಂತರೆ ಆ ಖರ್ಚೆಲ್ಲ ದಂಡ. ಆದರೆ ಕಾನೂನು ಅತ್ತೆಯವರ ಕಡೆಗಿದೆ. ಕಣ್ಣು ಕಾಣದವರಿಗೆ, ದಾರಿಹೋಕರಿಗೆ ಗಾಡಿ ಬರೋದು ತಿಳಿಯಲಿ ಅಂತ ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾದರಿಗಳಿಗೂ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೂ ನಿಧಾನವಾಗಿ ಚಲಿಸುವಾಗ ಕೃತಕ ಸದ್ದು ಕಡ್ಡಾಯ. ಇದನ್ನು ಕೇಳಿ ಅತ್ತೆಯವರಿಗೆ ಬ್ರಿಟಿಷರ ಬಗ್ಗೆ ಮೊದಲ ಬಾರಿಗೆ ಗೌರವ ಬಂತು. ಮುಂದಿನ ಪ್ರಶ್ನೆ ನೀರಿನದು. ತುಂಗಭದ್ರೆ ಉಕ್ಕಿ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗೋದನ್ನು ನೋಡಿ ಬೆಳೆದವರು. "ಕರೆಂಟಿನ ಗಾಡಿ ನೀರಿಗಿಳಿದ್ರೆ?" ಅರ್ಧ ಮೀಟರ್ ನೀರಿನಲ್ಲಿ ಹೋಗಬಹುದು ಅಂತ ಕಂಪನಿ ಹೇಳುತ್ತದೆ ಅಂದಾಗ ಹೊನ್ನಾಳಿಯ ಮತ ಹೌದು ಅಂತ ಬಿತ್ತು.

ಹೊನ್ನಾಳಿ ಹೌದು ಅಂದ ಕೂಡಲೇ ನ್ಯಾಮತಿಯ ಭಾವ ಕನ್ನಡಕ ಏರಿಸಿದರು. ಅವರದು ಹತ್ತು ಎಕರೆ ಮೆಕ್ಕೆಜೋಳ, ಎರಡು ಪಂಪ್‌ಸೆಟ್, ಕರೆಂಟು ಕೊಡುವ ಬೆಸ್ಕಾಂ ಜೊತೆ ಆಜೀವ ಸಂಬಂಧ. "ಮನೇಲಿ ತ್ರೀ ಫೇಸ್ ಐತಾ?"

"ಇಲ್ಲ ಭಾವ, ಇಲ್ಲಿ ಮನೆಗಳಿಗೆ ಸಾಮಾನ್ಯವಾಗಿ ಸಿಂಗಲ್ ಫೇಸೇ."

ಭಾವನವರ ಮುಖದಲ್ಲಿ ಮೂಡಿದ ಸಂತೋಷವನ್ನು ವರ್ಣಿಸಲಾಗದು. "ಇನ್ನೂರು ವರ್ಷ ನಮ್ಮನ್ನ ಆಳಿದೋರ ಮನೇಲಿ ಸಿಂಗಲ್ ಫೇಸಾ!" ಅಂತ ಅಕ್ಕನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. ಸಿಂಗಲ್ ಫೇಸಿನಲ್ಲಿ ಮನೆಯ ಚಾರ್ಜರ್ ಗಂಟೆಗೆ 7 ಯೂನಿಟ್ ತುಂಬಿಸುತ್ತದೆ. ಖಾಲಿ ಬ್ಯಾಟರಿ ತುಂಬಲು ಹದಿಮೂರು ಗಂಟೆಯಾದರೂ ಬೇಕು. ರಾತ್ರಿಯ ಅಗ್ಗದ ದರ ಸಿಗೋದು ಐದಾರು ಗಂಟೆ ಮಾತ್ರ, ಅಷ್ಟರಲ್ಲಿ ಅರ್ಧಕ್ಕೂ ಕಡಿಮೆ ತುಂಬುತ್ತದೆ. ದಿನದ ಓಡಾಟಕ್ಕೆ ಅದು ಧಾರಾಳ. ಆದರೆ ಭಾವನವರಿಗೆ ಬೇಕಾಗಿದ್ದು ಗಣಿತವಲ್ಲ, ಸಮಾನ ದುಃಖ. "ರಾತ್ರಿ ಎದ್ದು ಕರೆಂಟು ಕಾಯೋದು ಬ್ಯಾಡ ಅಂತ ಇಂಗ್ಲೆಂಡಿಗೆ ಹೋದಿ. ಈಗ ಅಲ್ಲಿ ಗಾಡಿಗೋಸ್ಕರ ಕಾಯ್ತೀಯ."

ರಾತ್ರಿ ದರದಲ್ಲಿ ಯೂನಿಟ್‌ಗೆ ಸುಮಾರು 7-8 ಪೆನ್ಸ್ ಬೀಳುತ್ತದೆ. ಹೆದ್ದಾರಿ ಬದಿಯ ವೇಗದ ಚಾರ್ಜರಿನಲ್ಲಿ ಅದೇ ಯೂನಿಟ್‌ಗೆ 70-80 ಪೆನ್ಸ್ ತನಕ ಕೊಡಬೇಕು. ತೆರಿಗೆಯಲ್ಲೂ ಪಂಕ್ತಿಭೇದ, ಮನೆಯ ಕರೆಂಟಿಗೆ 5%, ಬೀದಿಯ ಕರೆಂಟಿಗೆ 20%. ಅಂದರೆ ಸ್ವಂತ ಮನೆ, ಗಾಡಿ ನಿಲ್ಲಿಸಲು ಸ್ವಂತ ಜಾಗ ಇದ್ದವರಿಗೆ ಅಗ್ಗ, ಫ್ಲಾಟಿನಲ್ಲಿ ಇರುವವರಿಗೆ ದುಬಾರಿ. ಇದನ್ನು ಕೇಳಿದ ಭಾವ ಇನ್ನೊಂದು ಪಟಾಕಿ ಹಚ್ಚಿದರು. ಅಮೆರಿಕದಲ್ಲಿ 2019ರ ಮಾದರಿಯ ಐ-ಪೇಸ್‌ಗಳನ್ನು ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯ ಇದೆ ಅಂತ 2024ರಲ್ಲಿ ಕಂಪನಿಯೇ ವಾಪಸ್ ಕೊಂಡುಕೊಳ್ಳಲು ಹೊರಟ ಸುದ್ದಿ ಅವರಿಗೆ ಹೇಗೋ ಸಿಕ್ಕಿತ್ತು.

"ಅದು ಅಮೆರಿಕದ್ದು ಭಾವ" ಅಂದರು ಯಜಮಾನರು.

"ಬೆಂಕಿಗೂ ವೀಸಾ ಬೇಕೇನ್ ಮಾರಾಯ?"

ನ್ಯಾಮತಿಯ ಮತ ಇಲ್ಲ ಅಂತ ದಾಖಲಾಯಿತು.

ಉಳಿದದ್ದು ಜಗಳೂರು. ತಂಗಿಯ ಗಂಡ ಒಂದು ಕಾಲಕ್ಕೆ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕೆಲಸ ಮಾಡಿದವನು, ಆದ್ದರಿಂದ ಎಲೆಕ್ಟ್ರಿಕ್ ಕಾರು ತನ್ನ ಪಿತ್ರಾರ್ಜಿತ ಅನ್ನೋ ಹಾಗೆ ಮಾತಾಡುತ್ತಾನೆ. "ಅಕ್ಕಾ, ಅವರು ನಮಗೇನು ಕಲಿಸ್ತಾರೆ? 2001ರಲ್ಲೇ ನಮ್ಮೋರು ರೇವಾ ಬಿಟ್ಟಿದ್ರು." ಮಾತು ನಿಜ. ಚೇತನ್ ಮೈನಿಯವರ ಎಲೆಕ್ಟ್ರಿಕ್ ಕಾರು ರೇವಾ ಅದೇ ಬೊಮ್ಮಸಂದ್ರದಲ್ಲಿ ತಯಾರಾಗಿ ಲಂಡನ್ನಿಗೆ ಹೋಗಿ ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿತು. 2003ರಲ್ಲಿ ಲಂಡನ್ನಿನ ನಡುಭಾಗಕ್ಕೆ ಹೋಗುವ ವಾಹನಗಳಿಗೆ ಸುಂಕ ಬಂದಾಗ ಎಲೆಕ್ಟ್ರಿಕ್ ಗಾಡಿಗೆ ವಿನಾಯಿತಿ ಇತ್ತು, ಆ ಪುಟ್ಟ ಗಾಡಿಗೆ ಅದೇ ದೊಡ್ಡ ಬಲ. ಆ ವಿನಾಯಿತಿ 2025ರ ಡಿಸೆಂಬರ್‌ಗೆ ಮುಗಿಯಿತು. ರಸ್ತೆ ತೆರಿಗೆಯೂ 2025ರ ಏಪ್ರಿಲ್‌ನಿಂದ ಶುರುವಾಗಿದೆ, ಶುರುವಾದಾಗ ವರ್ಷಕ್ಕೆ 195 ಪೌಂಡ್ ಇತ್ತು. 2028ರ ಏಪ್ರಿಲ್‌ನಿಂದ ಓಡಿದ ಮೈಲಿಗೆ 3 ಪೆನ್ಸ್ ಅಂತ ಸರ್ಕಾರ ಘೋಷಿಸಿದೆ. ಸರ್ಕಾರ ಮೊದಲು ಬೆಲ್ಲ ತೋರಿಸುತ್ತದೆ, ಗಿರಾಕಿ ಬಂದ ಮೇಲೆ ತಕ್ಕಡಿ ತೋರಿಸುತ್ತದೆ.

ರೇವಾ ಪುರಾಣ ಮುಗಿದ ಮೇಲೆ ಅವನು ಕೇಳಿದ್ದು ಒಂದೇ. "ಒಂದು ಸಲ ತುಂಬಿಸಿದ್ರೆ ಎಷ್ಟು ದೂರ?"

ಕಂಪನಿ ಲೆಕ್ಕದಲ್ಲಿ 470 ಕಿಲೋಮೀಟರ್. ಚಳಿಯಲ್ಲಿ, ಹೀಟರ್ ಹಾಕಿಕೊಂಡು, ಹೆದ್ದಾರಿಯಲ್ಲಿ ಓಡಿಸಿದರೆ ಮುನ್ನೂರು ಚಿಲ್ಲರೆ. ಅಷ್ಟರಲ್ಲಿ ಚನ್ನಗಿರಿಯಿಂದ ಬೆಂಗಳೂರಿಗೆ ಹೋಗಬಹುದು, ವಾಪಸ್ ಬರುವಾಗ ದಾರಿಯಲ್ಲಿ ಎಲ್ಲಾದರೂ ಕೂರಬೇಕು. "ಅದು ಹೊಸದಿದ್ದಾಗಿನ ಮಾತು. ಬೋರ್ ಕೊರೆಸಿದ ದಿನ ಮೂರು ಇಂಚು ನೀರು ಎಲ್ಲರಿಗೂ ಬರುತ್ತೆ ಅಕ್ಕಾ. ಏಳು ವರ್ಷ ಆದ್ಮೇಲೆ ಎಷ್ಟು ಇಂಚು ಅಂತ ಹೇಳು." ತುಂಗಭದ್ರೆಯ ನೀರಿನಿಂದ ಕೆರೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ಕಾದ ತಾಲ್ಲೂಕಿನವನಿಗೆ ಕಾಗದದ ಮೇಲಿನ ನೀರಿಗೂ ಕೊಳವೆಯಲ್ಲಿ ಬರುವ ನೀರಿಗೂ ಇರುವ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಟರಿಗೆ 8 ವರ್ಷ ಅಥವಾ ಒಂದು ಲಕ್ಷ ಮೈಲಿಯ ವಾರಂಟಿ. ಸಾಮರ್ಥ್ಯ ಕುಸಿದದ್ದಕ್ಕೆ ಅದು ಉಪಯೋಗಕ್ಕೆ ಬರೋದು ಅಷ್ಟರೊಳಗೆ 70%ಗಿಂತ ಕೆಳಗಿಳಿದರೆ ಮಾತ್ರ. 2019ರ ಗಾಡಿ ಕೊಂಡರೆ ವಾರಂಟಿಯಲ್ಲಿ ಉಳಿಯೋದು ವರ್ಷವೋ, ವರ್ಷಕ್ಕೂ ಕಡಿಮೆಯೋ.

ನಾವು ಮಾರಾಟಗಾರನ ಬಳಿ ಬ್ಯಾಟರಿಯ ಆರೋಗ್ಯದ ಪರೀಕ್ಷೆಯ ಕಾಗದ ಕೇಳಿದೆವು. ಅವನು ಕಾಫಿ ಕೊಟ್ಟ. ಮತ್ತೆ ಕೇಳಿದೆವು, ಬಿಸ್ಕತ್ತು ಕೊಟ್ಟ. ಅಷ್ಟರಲ್ಲಿ ನಾನು ವಿಮೆ ವಿಚಾರಿಸಿದೆ. ಇಲ್ಲಿ ಕಾರುಗಳನ್ನು ವಿಮೆಗಾಗಿ 1ರಿಂದ 50ರ ತನಕ ಗುಂಪು ಮಾಡಿದ್ದಾರೆ, ಐ-ಪೇಸ್ ಮೇಲಿನ ತುದಿಯಲ್ಲಿ ಕೂತಿದೆ. ಎರಡು ಟನ್ ಹೊರುವ ಅಗಲವಾದ ಟೈರಿನ ಬೆಲೆಯೂ ಗಾಡಿಯ ಇವತ್ತಿನ ಬೆಲೆಗೆ ತಕ್ಕಂತೆ ಇಳಿದಿಲ್ಲ. ವಿಷಯ ತಿಳಿಸಿದಾಗ ಅಪ್ಪಾಜಿ ತಟಸ್ಥ ಮತವನ್ನು ಹಿಂದೆಗೆದುಕೊಂಡು ತೀರ್ಪು ಕೊಟ್ಟರು. "ಗಾಡಿ ಬೆಲೆ ಬಡವರದಾಗೈತೆ, ಗಾಡಿ ಖರ್ಚು ಇನ್ನೂ ಸಾಹುಕಾರರದೇ."

ಐ-ಪೇಸ್ ಬಿಟ್ಟೆವು. ಅದೇ ದುಡ್ಡಿನೊಳಗೆ, ಏಳು ವರ್ಷದ ವಾರಂಟಿಯಲ್ಲಿ ಇನ್ನೂ ಸಾಕಷ್ಟು ಬಾಕಿ ಇರುವ, ಬ್ಯಾಟರಿಯ ಕಾಗದ ಕೇಳಿದ ಕೂಡಲೇ ಸಿಕ್ಕ ಕಿಯಾ ಈ-ನಿರೋ ಬಂತು. ಕಿಯಾ ಅಂದಾಗ ಜಗಳೂರಿನವನು, "ನಮ್ಮ ಪೆನುಕೊಂಡದ ಹತ್ರ ಮಾಡ್ತಾರಲ್ಲಕ್ಕಾ" ಅಂತ ಅದನ್ನೂ ಊರಿನ ಲೆಕ್ಕಕ್ಕೆ ಸೇರಿಸಿಕೊಂಡ. ಹೊನ್ನಾಳಿ ಒಪ್ಪಿತು. ನ್ಯಾಮತಿ ಈಗಲೂ ಒಪ್ಪಿಲ್ಲ. ಯಜಮಾನರು ಬಳಗದ ಪಾರ್ಕಿಂಗಿನಲ್ಲಿ ಬೇರೆಯವರ ಜಾಗ್ವಾರ್ ಕಂಡರೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬರುತ್ತಾರೆ. ಅದಕ್ಕೆ ವಿಮೆ ಬೇಕಿಲ್ಲ.

ಹಳೇ ಐಷಾರಾಮಿ ಎಲೆಕ್ಟ್ರಿಕ್ ಗಾಡಿಯ ಮೇಲೆ ಕಣ್ಣಿಟ್ಟಿರುವ ಹೊರನಾಡ ಬಂಧುಗಳಿಗೆ ನನ್ನದೊಂದು ವಿನಂತಿ. ಮನೆಯಲ್ಲಿ ಚಾರ್ಜರ್ ಹಾಕಿಸಲು ಜಾಗವಿದ್ದರೆ ಮಾತ್ರ ಆಸೆ ಪಡಿ. ಕೊಳ್ಳುವಾಗ ಇವತ್ತಿನ ಬೆಲೆ ನೋಡಿ, ಟೈರು, ವಿಮೆ, ರಿಪೇರಿಯ ಲೆಕ್ಕಕ್ಕೆ ಹೊಸದಿದ್ದಾಗಿನ ಬೆಲೆ ನೋಡಿ. ಬ್ಯಾಟರಿಯ ಕಾಗದ ಕೈಗೆ ಬರುವ ತನಕ ಎಷ್ಟು ಬಿಸ್ಕತ್ತು ಕೊಟ್ಟರೂ ತಿನ್ನಿ, ಮುಂಗಡ ಮಾತ್ರ ಕೊಡಬೇಡಿ.