ಕೈಗೆ ಗ್ರೀಸು ಹತ್ತದ ಕಾಕಾ

ಆಳಂದ, ಅಫಜಲಪುರ, ಜೇವರ್ಗಿ, ಯಾವ ಊರಿನ ಗ್ಯಾರೇಜಿಗೆ ಹೋದರೂ ಮೂರು ತಪ್ಪುವುದಿಲ್ಲ: ಚಕ್ರ ಬಿಚ್ಚಿಸಿಕೊಂಡು ಕಲ್ಲಿನ ಮೇಲೆ ಕುಂತ ಹಳೆಯ ಜೀಪು, ಅದರಡಿ ಮಲಗಿದ ಮಿಸ್ತ್ರಿ, ಇಬ್ಬರಿಗೂ ಬುದ್ಧಿ ಹೇಳುವ ಕಾಕಾ. ಕಾಕಾ ಅವರಿಗೆ ಗ್ಯಾರೇಜಿನಲ್ಲಿ ಪಗಾರವಿಲ್ಲ, ಪಾಲಿಲ್ಲ, ರಿಪೇರಿಗೆ ಬಂದ ಗಾಡಿಯೂ ಇಲ್ಲ. ಅವರ ಬಿಳಿ ಅಂಗಿಯ ಮೇಲೆ ಗ್ರೀಸಿನ ಚುಕ್ಕೆಯನ್ನು ಇದುವರೆಗೆ ಯಾರೂ ಕಂಡಿಲ್ಲ.

ಊರು ಬದಲಾದಂತೆ ಅವರ ಗುರುಮನೆ ಬದಲಾಗುತ್ತದೆ. ಆಳಂದದ ಕಾಕಾ ಮಾತೆತ್ತಿದರೆ ‘ಸೋಲಾಪುರದಾಗ ಹಿಂಗ ಮಾಡಂಗಿಲ್ಲ’ ಅನ್ನುತ್ತಾರೆ. ಅಫಜಲಪುರದವರು ಹವಳಗಾ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರೇಲರುಗಳ ಸಾಕ್ಷಿ ಹೇಳುತ್ತಾರೆ. ಜೇವರ್ಗಿಯವರ ವಿದ್ಯೆಯೆಲ್ಲ ಭೀಮಾ ಸೇತುವೆ ದಾಟಿ ವಿಜಯಪುರದ ಕಡೆ ಹೋಗುವ ಲಾರಿಗಳಿಂದ ಬಂದದ್ದು.

ಕಾಕಾ ಅವರ ಪ್ರತಿಭೆ ಬೆಳಗುವುದು ಜಂಗು ಹಿಡಿದ ಹಬ್ಬು ಬಿಚ್ಚುವಾಗ. ಹಳೆಯ ಜೀಪಿನ ಹಿಂದಿನ ಹಬ್ಬು ಆಕ್ಸಲಿನ ಇಳಿಜಾರು ತುದಿಗೆ ಕೀಲಿ ಸಮೇತ ಕಚ್ಚಿಕೊಂಡಿರುತ್ತದೆ. ಎರಿ ಮಣ್ಣಿನ ಕೆಸರು, 2020ರ ಅಕ್ಟೋಬರಿನಂಥ ಭೀಮೆಯ ಮಹಾಪೂರ, ಮೇಲೆ ಮಾಲಕನ ಆಲಸ್ಯ ಎಲ್ಲ ಕೂಡಿದರೆ ಮುಗಿಯಿತು. ಜಂಗು ತಾನು ತಿಂದ ಕಬ್ಬಿಣದ ದುಪ್ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಸಂದಿಯಲ್ಲಿ ಉಬ್ಬಿ, ಸೋದರಮಾವನ ಮನೆಗೆ ಬಂದ ಅಳಿಯನ ಹಾಗೆ ಏಳುವುದೇ ಇಲ್ಲ.

“ಏ ತಮ್ಮಾ, ನಟ್ಟು ಪೂರಾ ತಗಿ,” ಅನ್ನುತ್ತಾರೆ ಕಾಕಾ. ಮಿಸ್ತ್ರಿ ನಾಲ್ಕು ಸುತ್ತು ಸಡಿಲಿಸಿ ಅಲ್ಲೇ ಬಿಡುತ್ತಾನೆ. ಹಬ್ಬು ಒಮ್ಮೆಲೇ ಸಿಡಿದರೆ ಹಿಡಿಯಲು ಆ ನಟ್ಟೇ ಬೇಕು.

“ಹಾಂ, ನಾನೂ ಅದೇ ಅಂದೆ. ಈಗ ಆಕ್ಸಲ್ ತುದಿಗಿ ಸುತಗೀಲೆ ನಾಕು ಕೊಡು.”

“ಚೂಡಿ ಹಾಳಾಗ್ತದ, ಬೇರಿಂಗ್ ಹೋಗ್ತದ ಕಾಕಾ.”

“ಅದಕ್ಕೇ ಹೊಡಿಬ್ಯಾಡ ಅಂದೆ. ಬಿಸಲಿಗಿ ಬಿಡು, ತಾನೇ ಬರ್ತದ.”

ನಮ್ಮ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದೇನೋ ನಿಜ. ಆದರೆ ಅದಕ್ಕೆ ಪಕ್ಷಪಾತ ಗೊತ್ತಿಲ್ಲ: ಹಬ್ಬನ್ನೂ ಆಕ್ಸಲನ್ನೂ ಸಮನಾಗಿ ಕಾಯಿಸುತ್ತದೆ, ಎರಡೂ ಕೂಡಿಯೇ ಹಿಗ್ಗುತ್ತವೆ. ಮಿಸ್ತ್ರಿ ಹೊರಗಿನ ಹಬ್ಬಿಗಷ್ಟೇ ಗ್ಯಾಸಿನ ಉರಿ ಹಿಡಿಯುತ್ತಾನೆ. ಒಳಗಿನ ಎಣ್ಣೆ ಸೀಲು ಸುಟ್ಟರೆ ಹೊಸದು ಹಾಕಬೇಕೆಂಬುದು ಅವನಿಗೆ ಗೊತ್ತು. ಆಮೇಲೆ ಪುಲ್ಲರ್ ಕಟ್ಟಿ ಬಿಗಿದು, ಡೀಸಲ್ ಸುರಿದು, ನಡುವಿನ ಬೋಲ್ಟಿನ ತಲೆಗೆ ಒಂದೇಟು ಹಾಕಿ, ಕೈ ಒರೆಸಿಕೊಂಡು ಸುಮ್ಮನೆ ಕೂಡುತ್ತಾನೆ.

ಈ ಸುಮ್ಮನೆ ಕೂಡುವುದೇ ಅರ್ಧ ಕೆಲಸ. ಡೀಸಲ್ ಸಂದಿಗಿಳಿಯಲು ಹೊತ್ತು ಬೇಕು. ಮಾಲಕನಿಗೆ ಅದು ತಿಳಿಯದು. “ಲಗ್ನಕ್ಕ ಹೋಗೋದದ, ಒಡದರ ತಗೀರಿ!” ಎಂದು ತಾನೇ ಸುತ್ತಿಗೆ ಎತ್ತುತ್ತಾನೆ. ಮಿಸ್ತ್ರಿ ಕಾಕಾ ಅವರತ್ತ ನೋಡಿ ಒಂದು ಚಾ ಹೇಳುತ್ತಾನೆ.

ಕಾಕಾ ಮಾಲಕನ ಮೊಣಕೈ ಹಿಡಿದು ಬಾಕಿನ ಮೇಲೆ ಕೂಡಿಸುತ್ತಾರೆ. ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ 1947ರಿಂದ ಕಥೆ ತೆಗೆಯುತ್ತಾರೆ. ಅಲ್ಲಿಂದ ತಮ್ಮ ಅಪ್ಪನ ಕಾಲಕ್ಕೆ ಬರುವಷ್ಟರಲ್ಲಿ ಎರಡನೆಯ ಚಾ ಬರುತ್ತದೆ. ಮಾಲಕ ಏಳಲಾರ, ಹಿರಿಯರ ಮಾತಿನ ನಡುವೆ ಏಳುವುದು ಈ ಕಡೆ ರೀತಿಯಲ್ಲ. ಮಿಸ್ತ್ರಿ ನಡುನಡುವೆ ಎದ್ದು ಪುಲ್ಲರನ್ನು ಕಾಲು ಸುತ್ತು ಬಿಗಿದು ಬರುತ್ತಾನೆ. ಕಥೆ ತೊಗರಿಯ ಧಾರಣೆಗೆ ತಿರುಗುವ ಹೊತ್ತಿಗೆ ಠಣ್ ಎಂದು ಹಬ್ಬು ನಟ್ಟಿಗೆ ಬಂದು ಬಡಿಯುತ್ತದೆ.

“ನಾ ಮದಲೇ ಅಂದಿದ್ನೆಲ್ಲ!” ಕಾಕಾ ಅಂಗಿ ಕೊಡವಿಕೊಳ್ಳುತ್ತಾರೆ.

ಮಾಲಕ ಚೀಟಿ ಓದುತ್ತಾನೆ: ಡೀಸಲ್, ಗ್ಯಾಸು, ಸೀಲು, ಮಜೂರಿ, ಇತರೆ.

“ಇತರೆ ಅಂದ್ರ ಏನ್ರಿ?”

ಮಿಸ್ತ್ರಿ ಖಾಲಿ ಕಪ್ಪುಗಳತ್ತ ಕೈ ತೋರಿಸುತ್ತಾನೆ. ಕಾಕಾ ಚೀಟಿಯ ಮೇಲೆ ಬಗ್ಗಿ ನೋಡಿ, “ಇತರೆ ಭಾಳ ಕಮ್ಮಿ ಹಚ್ಚೀದಿ ತಮ್ಮಾ,” ಅನ್ನುತ್ತಾರೆ.